ಎರಡು ಬಿಂದುಗಳ ನಡುವಿನ ಕನ್ನಡ: ಸಿಂಧನೂರು, ಲಿಂಗಸುಗೂರು, ಮಸ್ಕಿ ಮತ್ತು ಉಪಭಾಷಾ ವರ್ಗೀಕರಣದ ಮಿತಿಗಳು

ಕನ್ನಡದ ಪ್ರಾದೇಶಿಕ ಪ್ರಭೇದಗಳನ್ನು ಮೈಸೂರು, ಕರಾವಳಿ, ಧಾರವಾಡ, ಕಲಬುರಗಿ ಎಂದು ನಾಲ್ಕಾಗಿ ವಿಂಗಡಿಸುವುದು ನಮ್ಮ ಪಠ್ಯಗಳಲ್ಲಿ ರೂಢಿಯಾಗಿದೆ. 1976ರಲ್ಲಿ ಪ್ರಕಟವಾದ ಯು. ಪಿ. ಉಪಾಧ್ಯಾಯ ಅವರ ತೌಲನಿಕ ಅಧ್ಯಯನವು ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು ಎಂಬ ಬೇರೆಯೇ ನಾಲ್ಕು ನೆಲೆಗಳನ್ನು ಆಯ್ದುಕೊಂಡಿತು. ಆ ಕೃತಿಯ ನೆಲೆಗಳು ಹೋಲಿಕೆಗಾಗಿ ಆರಿಸಿದ ಮಾದರಿಗಳು. ಪಠ್ಯಗಳ ನಾಲ್ಕು ಹೆಸರುಗಳಾದರೋ ಇಡೀ ನಾಡನ್ನು ಹಂಚಿಕೊಂಡ ವಲಯಗಳೆಂಬಂತೆ ಬಳಕೆಯಾಗುತ್ತಿವೆ. ಮಾದರಿಯನ್ನು ವಲಯವೆಂದು ಓದುವ ಈ ಅಭ್ಯಾಸವೇ ಪ್ರಸ್ತುತ ವಿಮರ್ಶೆಯ ವಸ್ತು. ಬಳ್ಳಾರಿ ಮತ್ತು ಕಲಬುರಗಿಗಳ ನಡುವೆ, ರಾಯಚೂರು ಜಿಲ್ಲೆಯಲ್ಲಿರುವ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಆಡುಮಾತು ಇದಕ್ಕೆ ತಕ್ಕ ಪರೀಕ್ಷಾಕ್ಷೇತ್ರ. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಿಂದಾಗಿ ಮಸ್ಕಿಯ ಹೆಸರು ಪ್ರಾಕೃತದ ಅಭ್ಯಾಸಿಗಳಿಗೆಲ್ಲ ಪರಿಚಿತ. ಆ ಬಂಡೆಯ ಸುತ್ತ ಇಂದು ಆಡುವ ಕನ್ನಡಕ್ಕೆ ಮಾತ್ರ ‘ಕಲಬುರಗಿ ಕನ್ನಡದ ಅಂಚು’ ಎಂಬುದಕ್ಕಿಂತ ಹೆಚ್ಚಿನ ಸ್ಥಾನ ದೊರೆತಿಲ್ಲ.

ಇಂಗ್ಲಿಷಿನ ಪ್ರಭೇದಗಳ ಅಧ್ಯಯನದಲ್ಲಿ ಉಚ್ಚಾರಣಾಭೇದವನ್ನೂ ಪದಭೇದವನ್ನೂ ಬೇರ್ಪಡಿಸಿ ನೋಡುವುದು ಸಾಮಾನ್ಯ. ಜೆ. ಸಿ. ವೆಲ್ಸ್ ಅವರು 1982ರ ‘ಆಕ್ಸೆಂಟ್ಸ್ ಆಫ್ ಇಂಗ್ಲಿಷ್’ನಲ್ಲಿ ಉಚ್ಚಾರಣಾಭೇದವನ್ನೇ ಮತ್ತೆ ವಿಂಗಡಿಸುತ್ತಾರೆ: ಧ್ವನಿಮಾಗಳ ಸಂಖ್ಯೆಯಲ್ಲಿನ ವ್ಯತ್ಯಾಸ, ಒಂದೇ ಧ್ವನಿಮಾದ ಉಚ್ಚಾರರೂಪದ ವ್ಯತ್ಯಾಸ, ಧ್ವನಿಮಾ ಬರಬಹುದಾದ ಪರಿಸರದ ವ್ಯತ್ಯಾಸ, ನಿರ್ದಿಷ್ಟ ಪದಗಳಿಗಷ್ಟೇ ಸೀಮಿತವಾದ ವ್ಯತ್ಯಾಸ. ನಮ್ಮ ವಿವರಣೆಗಳಲ್ಲಿ ಇವೆಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತುಹೋಗುತ್ತವೆ. ‘ಮನೆ’ ಎಂಬುದು ‘ಮನಿ’ ಆಗುತ್ತದೆ, ‘ಬೇಳೆ’ ಎಂಬುದು ‘ಬ್ಯಾಳಿ’ ಆಗುತ್ತದೆ, ‘ಇದೆ’ ಎಂಬುದಕ್ಕೆ ‘ಐತಿ’ ಅಥವಾ ‘ಅದ’ ಬರುತ್ತದೆ ಎಂದು ಸಾಲಾಗಿ ಬರೆದರೆ ಮೂರೂ ಶಿಷ್ಟರೂಪದಿಂದ ಆದ ವಿಚಲನೆಗಳಂತೆ ತೋರುತ್ತವೆ. ವಾಸ್ತವವಾಗಿ ಇವು ಮೂರು ಬಗೆಯ ಸಂಗತಿಗಳು.

ಮೊದಲನೆಯದನ್ನು ನೋಡೋಣ. ನಾಮಪದಗಳ ಕೊನೆಯ ಎಕಾರ ಇಲ್ಲಿ ಇಕಾರವಾಗುತ್ತದೆ: ಮನಿ, ಕುದ್ರಿ, ಪ್ಯಾಟಿ. ಆದರೆ ‘ಮಾಡುತ್ತಾನೆ’ ಎಂಬುದು ‘ಮಾಡ್ತಾನ’, ‘ಮೇಲೆ’ ಎಂಬುದು ‘ಮ್ಯಾಲ’. ಕ್ರಿಯಾಪ್ರತ್ಯಯಗಳಲ್ಲಿಯೂ ಇಂತಹ ಅವ್ಯಯಗಳಲ್ಲಿಯೂ ಅದೇ ಎಕಾರ ಅಕಾರವಾಗಿದೆ. ಆದ್ದರಿಂದ ಇದನ್ನು ಕೇವಲ ಧ್ವನಿನಿಯಮವೆಂದು ಹೇಳಲಾಗದು; ಪದವರ್ಗದ ಉಲ್ಲೇಖವಿಲ್ಲದೆ ನಿಯಮ ಪೂರ್ಣವಾಗುವುದಿಲ್ಲ.

ಎರಡನೆಯದು ಇನ್ನೂ ಮಹತ್ವದ್ದು. ಮುಂದಿನ ಅಕ್ಷರದಲ್ಲಿ ಉಚ್ಚಸ್ವರವಿಲ್ಲದಿದ್ದಾಗ ಏಕಾರವನ್ನು ತಗ್ಗಿಸಿ ಉಚ್ಚರಿಸುವುದು ದಕ್ಷಿಣದ ಆಡುಮಾತುಗಳಲ್ಲಿಯೂ ಉಂಟು: ಬ್ಯಾಡ, ಬ್ಯಾಳೆ. ಅಲ್ಲಿ ಕೊನೆಯ ಎಕಾರ ಉಳಿದಿರುವುದರಿಂದ ಈ ತಗ್ಗುಸ್ವರ ಪರಿಸರನಿಯತವಾದ ಉಪಧ್ವನಿ ಮಾತ್ರ. ನಮ್ಮ ಮೂರು ತಾಲೂಕುಗಳಲ್ಲಿ ತಗ್ಗಿಸುವಿಕೆ ಆದಮೇಲೆ ಪದಾಂತ್ಯದ ಎಕಾರ ಇಕಾರವಾಗಿದೆ. ಫಲವಾಗಿ ‘ಪ್ಯಾಟಿ’ ಮತ್ತು ‘ಭೇಟಿ’, ‘ಬ್ಯಾಳಿ’ ಮತ್ತು ‘ಕೇಳಿ’ ಎಂಬ ಜೋಡಿಗಳಲ್ಲಿ ಎರಡು ಸ್ವರಗಳೂ ಇಕಾರದ ಮುಂದೆಯೇ ನಿಲ್ಲುತ್ತವೆ. ತಗ್ಗುಸ್ವರವನ್ನು ಊಹಿಸಲು ನೆರವಾಗುತ್ತಿದ್ದ ಪರಿಸರ ಅಳಿದುಹೋಗಿದೆ. ಉಪಧ್ವನಿ ಧ್ವನಿಮಾ ಆಗಿದೆ. ವೆಲ್ಸ್ ಅವರ ಪರಿಭಾಷೆಯಲ್ಲಿ ಇದು ವ್ಯವಸ್ಥೆಯ ಮಟ್ಟದ ವ್ಯತ್ಯಾಸ. ಕನ್ನಡ ಲಿಪಿಯಲ್ಲಿ ಈ ಸ್ವರವನ್ನು ಯಕಾರದ ಒತ್ತಿನಿಂದ ಬರೆಯುವ ಕಾರಣ ಅದೊಂದು ಸ್ವರವೆಂಬುದೇ ಮರೆಯಾಗುತ್ತದೆ.

ಮೂರನೆಯದು ರೂಪದ ಆಯ್ಕೆ. ಕಲಬುರಗಿ ಕಡೆಯ ‘ಅದ’, ಕೊಪ್ಪಳ-ಧಾರವಾಡ ಕಡೆಯ ‘ಐತಿ’ ಎರಡೂ ಈ ಸೀಮೆಯಲ್ಲಿ ಕೇಳಿಬರುತ್ತವೆ. ಇದನ್ನು ಉಚ್ಚಾರಣೆಯೆಂದು ವಿವರಿಸುವುದು ಸಲ್ಲದು. ಇಲ್ಲಿ ಸಮರೂಪರೇಖೆಗಳು ಒಂದರ ಮೇಲೊಂದು ಬೀಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ರಾಯಚೂರು 1956ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ಬಳ್ಳಾರಿ 1953ರವರೆಗೆ ಮದ್ರಾಸಿನೊಂದಿಗಿತ್ತು. ಆಡಳಿತದ ಉರ್ದು ಪದಗಳ ಹರಹು ಈ ಗಡಿಯನ್ನು ಅನುಸರಿಸಬಹುದು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡದಲ್ಲಿಯೂ ಕೇಳುವ ‘ಮನಿ’ ಅದನ್ನು ಲೆಕ್ಕಿಸುವುದಿಲ್ಲ. ‘ಕಲಬುರಗಿ ಕನ್ನಡ’ ಎಂಬ ಒಂದೇ ಹೆಸರು ಈ ಎರಡು ಬಗೆಯ ಗಡಿಗಳನ್ನು ಒಂದಾಗಿಸಿಬಿಡುತ್ತದೆ.

ಹಾಗಾದರೆ ಬಿಂದುಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಸಾಕೆ? ಹ್ಯಾರಲ್ಡ್ ಆರ್ಟನ್ ಅವರ ನೇತೃತ್ವದಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಿಂದ ನಡೆದ ಇಂಗ್ಲಿಷ್ ಉಪಭಾಷಾ ಸರ್ವೇಕ್ಷಣೆಯು 313 ಊರುಗಳನ್ನು ಒಳಗೊಂಡಿತ್ತು. ಆದರೂ ಊರು ಬಿಡದ, ವಯಸ್ಸಾದ, ಗ್ರಾಮೀಣ ಪುರುಷರನ್ನೇ ಸಾಂಪ್ರದಾಯಿಕ ಉಪಭಾಷಾಶಾಸ್ತ್ರ ನೆಚ್ಚಿಕೊಂಡಿತೆಂಬ ಆಕ್ಷೇಪವನ್ನು ಚೇಂಬರ್ಸ್ ಮತ್ತು ಟ್ರಡ್ಗಿಲ್ 1980ರಲ್ಲಿ ಮುಂದಿಟ್ಟರು. ಈ ಆಕ್ಷೇಪ ಸಿಂಧನೂರಿಗೆ ಬಹಳವಾಗಿ ಅನ್ವಯಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಡನೆ ಕರಾವಳಿ ಆಂಧ್ರದ ರೈತರು ಇಲ್ಲಿಗೆ ಬಂದು ಭತ್ತದ ಬೇಸಾಯಕ್ಕೆ ತೊಡಗಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಈ ತಾಲೂಕಿನಲ್ಲಿ ನೆಲೆ ದೊರೆಯಿತು. ಮನೆಯಲ್ಲಿ ತೆಲುಗು ಅಥವಾ ಬಂಗಾಳಿ, ಶಾಲೆ ಮತ್ತು ಸಂತೆಯಲ್ಲಿ ಕನ್ನಡ ಆಡುವ ತಲೆಮಾರುಗಳು ಇಲ್ಲಿಯೇ ಹುಟ್ಟಿ ಬೆಳೆದಿವೆ. ಸಾಂಪ್ರದಾಯಿಕ ಮಾಹಿತಿದಾರನ ವ್ಯಾಖ್ಯೆಯಂತೆ ಇವರು ಲೆಕ್ಕದಿಂದ ಹೊರಗುಳಿಯುತ್ತಾರೆ.

ಈ ನೆಲೆಗಳಿಗೆ ಸೀಮೆಯ ಜನ ಕೊಟ್ಟ ಹೆಸರು ‘ಕ್ಯಾಂಪ್’. ಇಂಗ್ಲಿಷಿನಲ್ಲಿ ತಾತ್ಕಾಲಿಕ ಬೀಡನ್ನು ಸೂಚಿಸುವ ಪದ ಇಲ್ಲಿ ಗದ್ದೆ, ಗುಡಿ, ಶಾಲೆಗಳಿರುವ ಶಾಶ್ವತ ಹಳ್ಳಿಯ ಹೆಸರಾಗಿ ನಿಂತಿದೆ. ಅರ್ಥದಲ್ಲಿ ಇದು ಪದಭೇದದ ಉದಾಹರಣೆ. ಉಚ್ಚಾರಣೆಯಲ್ಲಿ ಅದರ ಸ್ವರ ‘ಪ್ಯಾಟಿ’ಯ ಸ್ವರವೇ. ಕನ್ನಡದ ಈ ತಗ್ಗುಸ್ವರವನ್ನು ಇಂಗ್ಲಿಷ್ ಎರವಲುಗಳಿಗಷ್ಟೇ ಸೀಮಿತಗೊಳಿಸುವ ವಿವರಣೆ ಈ ಪ್ರಭೇದಕ್ಕೆ ಹೊಂದುವುದಿಲ್ಲ. ಎರವಲು ಪದ ಬಂದಾಗ ಅದಕ್ಕೆ ಇಲ್ಲಿ ದೇಶ್ಯ ಸ್ಥಾನವೊಂದು ಸಿದ್ಧವಾಗಿತ್ತು.

ವರ್ಗೀಕರಣದ ಈ ಚರ್ಚೆಗೆ ತರಗತಿಯಲ್ಲಿ ನೇರ ಪರಿಣಾಮವಿದೆ. ‘ಬ್ಯಾಳಿ’ ಎಂದು ಬರೆದ ಮಗುವಿಗೆ ಶಿಷ್ಟ ಬರಹವನ್ನು ಕಲಿಸಬೇಕಾದದ್ದು ನಿಜ. ಆದರೆ ಅದು ಉಚ್ಚಾರದ ದೋಷವಲ್ಲ. ಶಿಷ್ಟ ಬರಹದಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲದ ಧ್ವನಿಮಾ ಒಂದನ್ನು ಮಗು ಕ್ರಮಬದ್ಧವಾಗಿ ದಾಖಲಿಸಿದೆ. ಈ ಭೇದ ತಿಳಿಯದ ಶಿಕ್ಷಕರು ಕಾಗುಣಿತವನ್ನು ತಿದ್ದುವ ಬದಲು ಮಾತನ್ನೇ ತಿದ್ದತೊಡಗುತ್ತಾರೆ. ಆದ್ದರಿಂದ ಈ ಸೀಮೆಯ ಮುಂದಿನ ಕ್ಷೇತ್ರಕಾರ್ಯವು ಧ್ವನಿಮಾ, ರೂಪ, ಪದಗಳ ಹಂಚಿಕೆಯನ್ನು ಪ್ರತ್ಯೇಕ ನಕ್ಷೆಗಳಲ್ಲಿ ಗುರುತಿಸಬೇಕು. ಹಳೆಯ ಊರುಗಳ ಜೊತೆಗೆ ಕ್ಯಾಂಪುಗಳಿಂದಲೂ ಮಾಹಿತಿದಾರರನ್ನು ಆರಿಸಬೇಕು. ಆ ನಕ್ಷೆಗಳು ಸಿದ್ಧವಾಗುವ ತನಕ ‘ಸಂಕ್ರಮಣ ವಲಯ’ ಎಂಬ ಹಣೆಪಟ್ಟಿಯನ್ನು ಈ ಮೂರು ತಾಲೂಕುಗಳ ಮಾತಿಗೆ ಅಂಟಿಸದಿರುವುದು ಲೇಸು.