ಒಂದೇ ದೇಹದಲ್ಲಿ ಇಬ್ಬರು: ‘26ಎ’ ಕಾದಂಬರಿಯ ಕುರಿತು

ಡಯಾನಾ ಎವಾನ್ಸ್ ಅವರ ಚೊಚ್ಚಲ ಕಾದಂಬರಿ ‘26ಎ’ 2005ರಲ್ಲಿ ಪ್ರಕಟವಾಗಿ, ಹೊಸ ಬರಹಗಾರರಿಗೆಂದು ಅದೇ ವರ್ಷ ಆರಂಭವಾದ ಆರೆಂಜ್ ಪ್ರಶಸ್ತಿಯನ್ನು ಪಡೆಯಿತು. ಲೇಖಕಿಯ ಅವಳಿ ಸಹೋದರಿ ಅಕಾಲದಲ್ಲಿ ತೀರಿಕೊಂಡಿದ್ದರಿಂದ ಇದನ್ನು ಆತ್ಮಕಥೆಯೆಂದು ಓದುವುದು ಸುಲಭ. ಆ ಓದಿನಲ್ಲಿ ಕೃತಿಯ ಮುಖ್ಯ ಪ್ರಶ್ನೆ ಮರೆಯಾಗುತ್ತದೆ.

ಜಾರ್ಜಿಯಾ ಮತ್ತು ಬೆಸ್ಸಿ ಲಂಡನ್ನಿನ ನೀಸ್ಡನ್ನಿನಲ್ಲಿ ಇಂಗ್ಲಿಷ್ ತಂದೆಗೂ ನೈಜೀರಿಯಾದ ತಾಯಿಗೂ ಹುಟ್ಟಿದ ತದ್ರೂಪಿ ಅವಳಿಗಳು. ಮನೆಯ ಅಟ್ಟದ ಕೋಣೆಯೇ ಅವರ 26ಎ. ಬಾಲ್ಯದಲ್ಲಿ ನೈಜೀರಿಯಾದಲ್ಲಿದ್ದಾಗ ತನ್ನ ಮೇಲೆ ನಡೆದ ದೌರ್ಜನ್ಯವನ್ನು ಜಾರ್ಜಿಯಾ ಬೆಸ್ಸಿಗೂ ಹೇಳಲಾರಳು. ಮುಂದೆ ಅವಳು ತಾನಾಗಿ ಪ್ರಾಣ ಕಳೆದುಕೊಂಡ ಮೇಲೆ, ತಾಯಿಯ ನಾಡಿನ ನಂಬಿಕೆಯಂತೆ, ಅವಳ ಆತ್ಮ ಬೆಸ್ಸಿಯ ದೇಹದಲ್ಲಿ ಕೆಲಕಾಲ ನೆಲೆಸುತ್ತದೆ. ಇದನ್ನು ಮಾಂತ್ರಿಕ ವಾಸ್ತವವೆಂದು ಕರೆದು ಮುಂದೆ ಸಾಗುವುದು ಪುನರುತ್ಥಾನವನ್ನು ನಂಬುವ ಓದುಗರಿಗೆ ಸಲ್ಲದು. ತೋಮನ ಇನ್ನೊಂದು ಹೆಸರಾದ ದಿದುಮ ಎಂಬುದಕ್ಕೂ ಅವಳಿ ಎಂದೇ ಅರ್ಥ. ಅವನು ಮುಟ್ಟಬಯಸಿದ್ದು ಗಾಯಗಳುಳ್ಳ ದೇಹವನ್ನು. ಬೆಸ್ಸಿಯ ದುಃಖವೂ ಅಂಥದೇ. ಶವಸಂಸ್ಕಾರದ ಪ್ರಸಂಗದಲ್ಲಿ ಆತ್ಮದ ವಿಷಯವನ್ನಷ್ಟೇ ಅವಸರದಿಂದ ಹೇಳಿ ಮುಗಿಸುವ ನಾವು (ಆತ್ಮಹತ್ಯೆಯಾಗಿದ್ದರೆ ಅದನ್ನೂ ಹೇಳಲು ಹಿಂಜರಿಯುವ ನಾವು) ಅವಳನ್ನು ಏನೆಂದು ಸಂತೈಸೇವು?

ಆದರೂ ಒಂದು ಕೊರತೆಯಿದೆ. ಬಾಲ್ಯದ ಹಾಸ್ಯಕ್ಕೆ ದೊರೆತ ವಿಸ್ತಾರ ಜಾರ್ಜಿಯಾಳ ಮೌನಕ್ಕೆ ದೊರೆತಿಲ್ಲ; ದೌರ್ಜನ್ಯದ ಪ್ರಸಂಗವನ್ನು ಕಾದಂಬರಿಯೂ ಅವಳಂತೆಯೇ ಬೇಗ ಮುಚ್ಚಿಬಿಡುತ್ತದೆ.