ಆಕಳಿಸುವ ಹೆಂಗಸು

ಫ್ರಾನ್ಸಿನ ಎಡ್ಗರ್ ದೆಗಾ 1884ರಿಂದ 1886ರ ಸುಮಾರಿನಲ್ಲಿ ರಚಿಸಿದ, ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ, ಇಸ್ತ್ರಿ ಹಾಕುವ ಹೆಂಗಸರಿಬ್ಬರ ತೈಲಚಿತ್ರವು ದುಡಿದುಣ್ಣುವವರ ದಾರಿದ್ರ್ಯವನ್ನು ಒಂದು ಆಕಳಿಕೆಯಲ್ಲಿ ಹಿಡಿದಿರಿಸಿದೆ. ಎಡಗಡೆಯವಳು ಒಂದು ಕೈಯಲ್ಲಿ ಸೀಸೆಯ ಕತ್ತನ್ನು ಹಿಡಿದು, ಇನ್ನೊಂದನ್ನು ತಲೆಯತ್ತ ಎತ್ತಿ, ನಾಚಿಕೆಯ ನೆನಪೂ ಇಲ್ಲದೆ ಬಾಯ್ದೆರೆದಿದ್ದಾಳೆ. ಬಲಗಡೆಯವಳಾದರೋ ತಲೆ ತಗ್ಗಿಸಿ, ಮೈಭಾರವನ್ನೆಲ್ಲ ಎರಡು ಕೈಗಳ ಮೇಲೆ ಹೇರಿ ಇಸ್ತ್ರಿಪೆಟ್ಟಿಗೆಯನ್ನು ಒತ್ತುತ್ತಿದ್ದಾಳೆ. ಸೀಸೆಯಲ್ಲಿರುವುದು ಮದ್ಯವೋ, ಬಟ್ಟೆಗೆ ಚಿಮುಕಿಸುವ ನೀರೋ, ಚಿತ್ರ ಹೇಳುವುದಿಲ್ಲ.

ಮೊದಲು ಲೇಪವನ್ನು ಬಳಿದು ಸಿದ್ಧಗೊಳಿಸುವ ವಾಡಿಕೆಯನ್ನು ತೊರೆದು, ಒರಟು ಕ್ಯಾನ್ವಾಸಿನ ಮೇಲೆಯೇ ಬಣ್ಣವನ್ನು ಒಣಒಣವಾಗಿ ಎಳೆದಿರುವುದರಿಂದ, ನೆಯ್ಗೆಯ ಎಳೆಗಳು ಅಲ್ಲಲ್ಲಿ ಇಣುಕಿ, ಒಲೆಯ ಕಾವಿನಿಂದ ಮಸುಕಾದ ಕೋಣೆಯ ಗಾಳಿ ಕೈಗೆ ತಾಗುವಂತೆ ಭಾಸವಾಗುತ್ತದೆ. ಸೊರಬ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆಚಿತ್ತಾರ ಬರೆಯುವ ಹೆಂಗಳೆಯರನ್ನು ಕಂಡವರಿಗೆ, ಭಿತ್ತಿಯ ಬಣ್ಣವನ್ನೇ ಚಿತ್ರದ ಬಣ್ಣವಾಗಿ ದುಡಿಸಿಕೊಳ್ಳುವ ಈ ಉಪಾಯವು ಅಪರಿಚಿತವೆನಿಸದು; ಹಸೆಚಿತ್ತಾರವು ಮದುವೆಯ ಮಂಗಳಕ್ಕೆ ಸಂದ ಕಲೆಯೆಂಬ ಭೇದವನ್ನು ನಾನು ಮರೆತಿಲ್ಲ.

ಇಂಪ್ರೆಷನಿಸ್ಟರ ಎಂಟು ಪ್ರದರ್ಶನಗಳ ಪೈಕಿ ಏಳರಲ್ಲಿ ಪಾಲ್ಗೊಂಡೂ ಆ ಹೆಸರನ್ನು ಒಲ್ಲದಿದ್ದ ದೆಗಾ, ಬ್ಯಾಂಕರನ ಮಗನಾದುದರಿಂದ ಬಡವರನ್ನು ದೂರದಿಂದ ನೋಡಿದನೆಂಬ ಆಕ್ಷೇಪ ಸುಳ್ಳಲ್ಲವಾದರೂ, ಚಿತ್ರದ ಆ ಹೆಂಗಸನ್ನು ಸುಂದರಗೊಳಿಸಿ ನಮ್ಮ ಕನಿಕರವನ್ನು ಬೇಡದೆ, ಆಕಳಿಸುವ ಸ್ವಾತಂತ್ರ್ಯವನ್ನು ಅವಳಿಗೇ ಬಿಟ್ಟ ಆ ದೂರವನ್ನು ನಾನು ಗುಣವೆಂದೇ ಎಣಿಸುತ್ತೇನೆ.