ಸಂಶೋಧನೆ ನಮ್ಮ ಕೆಲಸವಲ್ಲ ಎನ್ನುವವರಿಗೆ

ಸ್ತನ ಕ್ಯಾನ್ಸರ್ ರೋಗಿಗಳಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಬಗ್ಗೆ ನಮ್ಮಲ್ಲೊಂದು ಗಟ್ಟಿಯಾದ ನಂಬಿಕೆ ಬೇರೂರಿದೆ. ಅವು ಜಾಗೃತಿ ಮೂಡಿಸಬೇಕು, ರೋಗಿಗಳಿಗೆ ಧೈರ್ಯ ಹೇಳಬೇಕು, ಕೈಲಾದಷ್ಟು ನೆರವು ಕೊಡಬೇಕು. ಸಂಶೋಧನೆ ಕೋಟಿಗಟ್ಟಲೆ ಹಣದ ಮಾತು, ಅದನ್ನು ಸರ್ಕಾರವೋ ಔಷಧ ಕಂಪನಿಗಳೋ ನೋಡಿಕೊಳ್ಳಲಿ. ದಾನಿಗಳೂ ಇದನ್ನೇ ಹೇಳುತ್ತಾರೆ: "ನಮ್ಮ ದುಡ್ಡು ನೇರವಾಗಿ ರೋಗಿಗೇ ಹೋಗಲಿ." ಈ ಮಾತಿನ ಹಿಂದಿನ ಕಳಕಳಿ ಅಪ್ಪಟವಾದದ್ದು. ಆದರೆ ಮಾತು ತಪ್ಪು. ರೋಗಿಗೆ ಸಿಕ್ಕ ಎಷ್ಟೋ ದೊಡ್ಡ ನೆರವು ಸಂಶೋಧನೆಯ ದಾರಿಯಿಂದಲೇ ಬಂದಿದೆ.

ಸಿಂಧನೂರು ಕಡೆಯ ಹೆಣ್ಣುಮಗಳೊಬ್ಬಳು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದಳೆನ್ನಿ. ಆಪರೇಷನ್ ಆಯಿತು, ಕೀಮೋ ಮುಗಿಯಿತು. ಕೀಮೋಗಾದರೆ ಮೂರು ವಾರಕ್ಕೊಮ್ಮೆ ಬಂದು ಹೋಗಬಹುದು. ರೇಡಿಯೇಷನ್ ಹಾಗಲ್ಲ, ಶನಿವಾರ ಭಾನುವಾರ ಬಿಟ್ಟು ದಿನಾ ಆಗಬೇಕು. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಮಿಕ್ಕ ಹೊತ್ತೆಲ್ಲ ಧರ್ಮಶಾಲೆಯಲ್ಲೋ ಬಾಡಿಗೆ ಕೋಣೆಯಲ್ಲೋ ಕಾಯುವುದು. ಎದೆಯ ಮೇಲೆ ಎಳೆದ ಗುರುತಿನ ಗೆರೆ ಅಳಿಸದ ಹಾಗೆ ಜೋಪಾನವಾಗಿ ಮೈ ತೊಳೆಯಬೇಕು. ಜೊತೆಗೆ ಬಂದ ಗಂಡನ ಕೂಲಿ ಹೋಯಿತು, ಊರಲ್ಲಿ ಮಕ್ಕಳು ಯಾರದೋ ಮನೆಯಲ್ಲಿ. ಬಹಳ ಕಾಲ ಇದು ಐದು ವಾರದ, 25 ಸರದಿಯ ಚಿಕಿತ್ಸೆಯಾಗಿತ್ತು. ಆ ಐದು ವಾರವೂ ಊಟ, ವಸತಿ ಕೊಡುವುದು ದೊಡ್ಡ ಸೇವೆಯೇ ಸರಿ. ಆದರೆ ಐದು ವಾರ ನಿಜಕ್ಕೂ ಬೇಕೇ ಎಂದು ಕೇಳುವುದೂ ಸೇವೆಯೇ.

ಬ್ರಿಟನ್ನಿನಲ್ಲಿ ಅದನ್ನು ಕೇಳಿದರು. ಸ್ಟಾರ್ಟ್-ಬಿ ಎಂಬ ಪ್ರಯೋಗದಲ್ಲಿ 2,215 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಐದು ವಾರ, ಇನ್ನೊಂದಕ್ಕೆ ಮೂರು ವಾರ ರೇಡಿಯೇಷನ್ ಕೊಟ್ಟರು. ಹತ್ತು ವರ್ಷಗಳ ಫಲಿತಾಂಶ 2013ರಲ್ಲಿ ಪ್ರಕಟವಾಯಿತು: ಮೂರು ವಾರದ್ದು ಯಾವ ರೀತಿಯಲ್ಲೂ ಕಡಿಮೆಯಾಗಿರಲಿಲ್ಲ, ಅಡ್ಡಪರಿಣಾಮವೂ ತಗ್ಗಿತ್ತು. ಇಂದು ನಮ್ಮ ಆಸ್ಪತ್ರೆಗಳಲ್ಲೂ ಈ ಕ್ರಮ ಬಳಕೆಯಲ್ಲಿದೆ. ಒಂದು ವಾರದಲ್ಲೇ ಮುಗಿಸಬಹುದೆಂದು 2020ರಲ್ಲಿ ಇನ್ನೊಂದು ಪ್ರಯೋಗ ತೋರಿಸಿತು. ಸ್ಟಾರ್ಟ್ ಪ್ರಯೋಗಗಳಿಗೆ ಸರ್ಕಾರದ ಜೊತೆ ಹಣ ಹಾಕಿದ್ದು ಕ್ಯಾನ್ಸರ್ ರಿಸರ್ಚ್ ಯುಕೆ ಎಂಬ ದತ್ತಿ ಸಂಸ್ಥೆ. ಜನ ಕೊಟ್ಟ ಹಳೆ ಬಟ್ಟೆ, ಪುಸ್ತಕಗಳನ್ನು ಮಾರುವ ಅದರ ಅಂಗಡಿಗಳಲ್ಲಿ ಸಂಬಳವಿಲ್ಲದೆ ದುಡಿಯುವವರು ಸಾವಿರಾರು. ಅಂಥವರು ಕೂಡಿಸಿದ ಹಣ ಸಿಂಧನೂರಿನ ಹೆಣ್ಣುಮಗಳಿಗೆ ಎರಡು ವಾರದ ಬಾಡಿಗೆ ಉಳಿಸಿತು. ಇದಕ್ಕಿಂತ ನೇರವಾಗಿ ರೋಗಿಗೆ ತಲುಪುವುದೆಂದರೆ ಇನ್ನು ಹೇಗೆ?

ಚಿಕಿತ್ಸೆಯನ್ನು ಕಡಿಮೆ ಮಾಡುವ ಪ್ರಶ್ನೆಗೆ ಕಂಪನಿಗಳು ಹಣ ಹಾಕುವುದಿಲ್ಲ. ಪೇಟೆಂಟ್ ಮುಗಿದ ಅಗ್ಗದ ಔಷಧಕ್ಕೂ ಹಾಕುವುದಿಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ನೇತೃತ್ವದಲ್ಲಿ ನಮ್ಮ ದೇಶದ 11 ಆಸ್ಪತ್ರೆಗಳು 1,600 ಮಹಿಳೆಯರ ಮೇಲೆ ಒಂದು ಸರಳ ಪ್ರಯೋಗ ನಡೆಸಿದವು. ಆಪರೇಷನ್‌ಗೆ ಏಳರಿಂದ ಹತ್ತು ನಿಮಿಷ ಮೊದಲು ಗಂಟಿನ ಸುತ್ತ ಲಿಗ್ನೋಕೇಯ್ನ್ ಚುಚ್ಚುವುದು, ಅಷ್ಟೇ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅದೇ ಮದ್ದು. ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ. 86.4ರಿಂದ 90.1ಕ್ಕೆ ಏರಿತು ಎಂಬ ವರದಿ 2023ರಲ್ಲಿ ಬಂತು. ಹಣ ಕೊಟ್ಟದ್ದು ಅಣುಶಕ್ತಿ ಇಲಾಖೆ. ಇಂಥ ಪ್ರಯೋಗಕ್ಕೆ ಬೇಕಾದ್ದು ಮದ್ದಿನ ದುಡ್ಡಿಗಿಂತ ಹೆಚ್ಚಾಗಿ ವರ್ಷಗಟ್ಟಲೆ ರೋಗಿಗಳ ಬೆನ್ನು ಹತ್ತುವ ತಾಳ್ಮೆ: ಫೋನ್ ಮಾಡುವುದು, ವಿಳಾಸ ಬದಲಾದವರನ್ನು ಹುಡುಕುವುದು, ತಪಾಸಣೆಗೆ ಬರಲು ಬಸ್ ಚಾರ್ಜು ಕೊಡುವುದು. ಸ್ವಯಂಸೇವಕರಿಗೆ ಇದಕ್ಕಿಂತ ಒಗ್ಗುವ ಕೆಲಸ ನನಗೆ ಕಾಣುವುದಿಲ್ಲ.

ಜಾಗೃತಿಯ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪ್ರತಿ ಅಕ್ಟೋಬರಿನಲ್ಲಿ ಹಂಚುವ ಕರಪತ್ರಗಳು ತಿಂಗಳಿಗೊಮ್ಮೆ ಸ್ವತಃ ಪರೀಕ್ಷಿಸಿಕೊಳ್ಳಿ, ಜೀವ ಉಳಿಯುತ್ತದೆ ಎನ್ನುತ್ತವೆ. ಶಾಂಘೈಯ ಜವಳಿ ಕಾರ್ಖಾನೆಗಳ ಸುಮಾರು 2.66 ಲಕ್ಷ ಮಹಿಳೆಯರಲ್ಲಿ ಇದನ್ನೇ ಪರೀಕ್ಷಿಸಿದ್ದರು. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ, ಕಲಿಸಿದ ಗುಂಪಿನಲ್ಲೂ ಕಲಿಸದ ಗುಂಪಿನಲ್ಲೂ ಸಾವು ಹೆಚ್ಚುಕಡಿಮೆ ಒಂದೇ. ಅಪಾಯವಿಲ್ಲದ ಗಂಟುಗಳಿಗೆ ಬಯಾಪ್ಸಿ ಮಾತ್ರ ಹೆಚ್ಚಿತು. ಗಂಟು ಕೈಗೆ ಸಿಕ್ಕರೆ ತಡಮಾಡದೆ ವೈದ್ಯರಲ್ಲಿಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂಬಯಿಯಲ್ಲಿ ಒಂದೂವರೆ ಲಕ್ಷ ಮಹಿಳೆಯರ ಮೇಲೆ ಇಪ್ಪತ್ತು ವರ್ಷ ನಡೆದ ಅಧ್ಯಯನ ಬೇರೊಂದು ದಾರಿ ತೋರಿಸಿದೆ. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದಾಗ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ತಗ್ಗಿತು. ಕರಪತ್ರ, ಟೀ ಶರ್ಟು, ವೇದಿಕೆಗಳಿಗೆ ಹೋಗುವ ಹಣ ಇಂಥ ಕಾರ್ಯಕರ್ತೆಯರ ತರಬೇತಿಗೆ ಹೋದರೆ ಆಗುವ ಲಾಭ ಬೇರೆಯದೇ.

ಇವತ್ತಿನ ರೋಗಿಯ ಊಟ ಕಿತ್ತು ನಾಳಿನ ರೋಗಿಗೆ ಕೊಡುವುದೇ ಎಂಬ ಆಕ್ಷೇಪ ಬರುತ್ತದೆ. ಊಟಕ್ಕೆ ಕೈ ಹಚ್ಚುವುದು ಬೇಡವೇ ಬೇಡ. ಪ್ರಚಾರದ ಖರ್ಚಿನಲ್ಲೇ ಒಂದು ಪಾಲು ಸಂಶೋಧನೆಗೆಂದು ಮೀಸಲಿಟ್ಟರೆ ಸಾಕು. ಎಲ್ಲಿಗೆ ಕೊಡಬೇಕೆಂದು ತೀರ್ಮಾನಿಸುವಾಗ ರೋಗ ಅನುಭವಿಸಿದವರೂ ಕೂರಲಿ. ಅಮೆರಿಕದ ರಕ್ಷಣಾ ಇಲಾಖೆಯಡಿ 1992ರಲ್ಲಿ ಆರಂಭವಾದ ಸ್ತನ ಕ್ಯಾನ್ಸರ್ ಸಂಶೋಧನಾ ಯೋಜನೆಯಲ್ಲಿ ಅವರು ವಿಜ್ಞಾನಿಗಳ ಪಕ್ಕದಲ್ಲೇ ಕೂತು ಅರ್ಜಿಗಳನ್ನು ತೂಗಿ ನೋಡುತ್ತಾರೆ. ಅಂಥವರು ಕೂತರೆ ಏಳುವ ಪ್ರಶ್ನೆಗಳೂ ಬೇರೆ. ಉದಾಹರಣೆಗೆ, ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ತೋಳು ಊದಿಕೊಳ್ಳುತ್ತದೆ. ಭಾರ ಎತ್ತಬೇಡಿ ಎಂದು ಹೇಳಿ ಕಳಿಸುವುದು ಹಳೆಯ ರೂಢಿ. ಸಿಂಧನೂರಿನವಳಿಗೆ ಅದು ಭತ್ತದ ನಾಟಿ ಮಾಡುವ ಕೈ, ಕೊಡ ಹೊರುವ ಕೈ. ಎಷ್ಟು ದಿನಕ್ಕೆ, ಯಾವ ವ್ಯಾಯಾಮದಿಂದ ಅವಳು ಮತ್ತೆ ಗದ್ದೆಗೆ ಇಳಿಯಬಹುದು ಎಂಬುದನ್ನು ಅಳೆದು ನೋಡುವ ಅಧ್ಯಯನಕ್ಕೆ ದುಬಾರಿ ಯಂತ್ರ ಬೇಡ. ಆ ಪ್ರಶ್ನೆಯನ್ನು ಮೊದಲು ಎತ್ತಬಲ್ಲವರು ವಾರ್ಡಿನಲ್ಲಿ ಅವಳ ಪಕ್ಕ ಕೂತು ಮಾತಾಡಿಸುವ ಸ್ವಯಂಸೇವಕಿಯರೇ.